ಹಾಲ್ ಟಿಕೆಟ್ಟಿನ ಫೋಟೋ

ಶಿಕ್ಷಕರ ಅರ್ಹತಾ ಪರೀಕ್ಷೆಯ ಗೇಟಿನಲ್ಲಿ ಹೆಂಗಸರ ಓಲೆ, ಬಳೆ, ಸರಗಳನ್ನೆಲ್ಲ ಬಿಚ್ಚಿಸುತ್ತಿದ್ದರು. ಬಿಚ್ಚುವುದಕ್ಕೆ ಅವಳ ಮೈಮೇಲೆ ಏನೂ ಇರಲಿಲ್ಲ.

“ಜಾಣೆ ಕಣಮ್ಮ ನೀನು, ಎಲ್ಲಾ ಮನೇಲೇ ಬಿಚ್ಚಿಟ್ಟು ಬಂದಿದೀಯ,” ಎಂದು ಮಹಿಳಾ ಪೊಲೀಸು ಅವಳನ್ನು ಒಳಗೆ ಬಿಟ್ಟಳು.

ಕೊಠಡಿಯ ಮೇಲ್ವಿಚಾರಕರು ಹಾಲ್ ಟಿಕೆಟ್ಟಿನ ಫೋಟೋವನ್ನೂ ಅವಳ ಮುಖವನ್ನೂ ಮೂರು ಸಲ ನೋಡಿದರು.

“ಇದು ನೀವೇನಾ?”

“ನಾನೇ ಸರ್.”

“ಯಾವಾಗ ತೆಗೆಸಿದ್ದು?”

“ಎರಡು ತಿಂಗಳಾಯ್ತು. ನಮ್ಮನೆಯವ್ರೇ ಕರ್ಕೊಂಡು ಹೋಗಿ ತೆಗೆಸಿದ್ರು.”

“ಎರಡೇ ತಿಂಗಳಿಗೆ ಮುಖ ಹಿಂಗೆ ಬದಲಾಗುತ್ತೇನಮ್ಮಾ? ಇದ್ರಲ್ಲಿ ಕಾಸಗಲ ಬೊಟ್ಟಿದೆ. ಒಬ್ಬರ ಬದಲು ಇನ್ನೊಬ್ಬರು ಬಂದು ಬರೆದ್ರೆ ನನ್ನ ನೌಕರಿ ಹೋಗುತ್ತೆ.”

ಪಕ್ಕದ ಬೆಂಚಿನ ಹೆಂಗಸು ತನ್ನ ಹಣೆಯ ಸ್ಟಿಕ್ಕರನ್ನು ಕಿತ್ತು, “ನಂದು ನೋಡಾಯ್ತಲ್ಲ ಸರ್,” ಎನ್ನುತ್ತ ಅದನ್ನು ಅವಳ ಹಣೆಗೆ ಅಂಟಿಸಿದಳು. ಅವಳು ಬೇಡವೆನ್ನಲಿಲ್ಲ.

“ಹಾಂ, ಈಗ ಸರಿಹೋಯ್ತು,” ಎಂದು ಮೇಲ್ವಿಚಾರಕರು ಸಹಿ ಹಾಕಿದರು.

ನೂರೈವತ್ತು ಪ್ರಶ್ನೆಗಳಿಗೂ ಅವಳು ವೃತ್ತ ತುಂಬಿದಳು. ಯಾವುದಕ್ಕೆ ಯಾವ ವೃತ್ತ ತುಂಬಿದೆನೆಂದು ಹೊರಗೆ ಬರುವಾಗ ಒಂದೂ ನೆನಪಿರಲಿಲ್ಲ. ಬಸ್ಸು ಹತ್ತಿದಳು, ಇಳಿದಳು, ಮನೆಯತ್ತ ನಡೆದಳು.

ಮರುದಿನ ನಡೆಯಬೇಕಿದ್ದ ಅವಳ ಗಂಡನ ಹನ್ನೊಂದನೇ ದಿನದ ತಿಥಿಗೆಂದು ಬಂದು ಜಗಲಿಯಲ್ಲಿ ಕೂತಿದ್ದ ನೆಂಟರಲ್ಲಿ ಒಬ್ಬರೂ ಪರೀಕ್ಷೆ ಹೇಗಾಯಿತೆಂದು ಕೇಳಲಿಲ್ಲ. ಎಲ್ಲರೂ ಅವಳ ಹಣೆಯನ್ನೇ ನೋಡುತ್ತಿದ್ದರು.