ಹೊಟ್ಟೆ ಬಂದ ಅಕ್ಷರ

೧೯೩೭ನೇ ಇಸವಿ ನವೆಂಬರ್ ೧೮, ಗುರುವಾರ, ಬೆಳಿಗ್ಗೆ ಏಳು ಗಂಟೆ ನಲವತ್ತು ನಿಮಿಷ. ಜಾವಳಿಯ ರಸ್ತೆ ಬದಿಯಲ್ಲಿ ಇಬ್ಬರು ಗಂಡಸರು ಮಂಜಿಗೆ ಮುಖವೊಡ್ಡಿ ಬಸ್ಸಿಗೆ ಕಾಯುತ್ತಿದ್ದರು. ಒಬ್ಬರು ಬಸ್ಸಿನ ಮಾಲೀಕ ಮಲ್ಲಿಕಾರ್ಜುನಪ್ಪ. ಇನ್ನೊಬ್ಬ ಆ ಬಸ್ಸಿನ ಹಣೆಗೆ ಹೆಸರು ಬರೆದ ಪೇಂಟರ್ ರಜಬ್ ಅಲಿ.

ಎರಡು ದಿನದ ಹಿಂದೆ ಮಲ್ಲಿಕಾರ್ಜುನಪ್ಪನವರು ನಂಟರ ಮದುವೆ ಮುಗಿಸಿ ಹದಿನೈದು ದಿನದ ಮೇಲೆ ಮೂಡಿಗೆರೆಗೆ ಮರಳಿ ನೋಡಿದರೆ, ಬಸ್ಸಿನ ಹಣೆಯಲ್ಲಿ ‘ಗಂಗಾಧರ’ನ ನಾಲ್ಕು ಅಕ್ಷರಗಳೂ ಊದಿಕೊಂಡು ಕೂತಿದ್ದವು. ತುಂಬಿದ ಕಾಫಿ ಮೂಟೆಯಂಥ ಹೊಟ್ಟೆ, ಓರೆಯಾಗಿಟ್ಟ ಟೋಪಿಯಂಥ ತಲೆಕಟ್ಟು. ಸೊನ್ನೆಯಂತೂ ಮಾಗಿದ ಕಾಫಿ ಹಣ್ಣಿನ ಹಾಗೆ ಕೆಂಪಗೆ ಹೊಳೆಯುತ್ತಿತ್ತು.

“ಇದೇನ್ರೀ ರಜಬ್ ಅಲಿಯವ್ರೆ, ನಮ್ಮ ಮನೆದೇವ್ರ ಹೆಸ್ರು. ಮದ್ವೆ ಮನೇಲಿ ಉಂಡು ಗೋಡೆಗೆ ಒರಗಿದ ಹಾಗೆ ಬರ್ದಿದ್ದೀರಲ್ಲ” ಎಂದರು. ಬಸ್ ಸ್ಟ್ಯಾಂಡೇ ನಕ್ಕಿತು. ಬರುವ ಭಾನುವಾರ ಬೋರ್ಡು ಕೆರೆಸಿ, ಮಂಗಳೂರಿನಿಂದ ಬೇರೆ ಪೇಂಟರನ್ನು ಕರೆಸುವುದಾಗಿಯೂ ಎಲ್ಲರ ಎದುರೇ ಹೇಳಿಬಿಟ್ಟರು.

ರಜಬ್ ಅಲಿಗೆ ನಗು ಚುಚ್ಚಲಿಲ್ಲ, ‘ಕೆರೆಸಿ’ ಎಂಬ ಮಾತು ಚುಚ್ಚಿತು. ಒಂಬತ್ತು ವರ್ಷ ಅವನು ಅಂಗಡಿ ಬಾಗಿಲಿಗೂ ಎಸ್ಟೇಟ್ ಗೇಟಿಗೂ ಬೇರೆಯವರು ಹೇಳಿದ ಮಾದರಿಯಲ್ಲೇ ಅಕ್ಷರ ಬರೆದಿದ್ದ. ತನ್ನವೆಂದು ಹೇಳಿಕೊಳ್ಳಬಹುದಾದವು ಈ ನಾಲ್ಕೇ. ಇವು ಹೋದರೆ ಆ ಊರಲ್ಲಿ ಅವನ ಕೈಯ ಅಕ್ಷರವನ್ನು ಇನ್ನು ಯಾರೂ ಕೇಳುವುದಿಲ್ಲ. ಚಂದ, ಚಂದವಲ್ಲ ಎಂಬ ವಾದಕ್ಕೆ ಅವನು ಇಳಿಯಲಿಲ್ಲ. ಬೋರ್ಡಿನ ಕೆಳಗೆ ನಿಂತು ನೋಡುವುದು ಬೇಡ, ಮಂಜಿನ ಹೊತ್ತಿನಲ್ಲಿ ಒಮ್ಮೆ ರಸ್ತೆಯಲ್ಲಿ ನಿಂತು ನೋಡಿ ಎಂದಷ್ಟೇ ಕೇಳಿಕೊಂಡ. ಮಂಜು ಮೊದಲು ನುಂಗುವುದು ತೆಳ್ಳಗಿನ ಗೆರೆಯನ್ನು, ಆಮೇಲೆ ಅಕ್ಷರದೊಳಗಿನ ಸಂದನ್ನು. ಅದಕ್ಕೇ ಅವನು ಗೆರೆ ದಪ್ಪ ಮಾಡಿ, ಹೊಟ್ಟೆಯನ್ನು ದೊಡ್ಡದಾಗಿ ತೆರೆದಿಟ್ಟಿದ್ದ. ಮಲ್ಲಿಕಾರ್ಜುನಪ್ಪನವರು ಅಷ್ಟಕ್ಕೆ ಒಪ್ಪಿದರು. ಜಾವಳಿ ಅವರ ಮಾವನ ಊರು. ಹಿಂದಿನ ಸಂಜೆಯೇ ಇಬ್ಬರೂ ಬಂದಿಳಿದಿದ್ದರು.

ಅವರ ಪಕ್ಕದಲ್ಲೇ ಮರಿಯಮ್ಮ ಎಂಬ ಹೆಂಗಸು ತಾನು ಹೆಣೆದ ಬುಟ್ಟಿಗಳನ್ನು ಒಂದರೊಳಗೊಂದು ಇಟ್ಟುಕೊಂಡು ಕಲ್ಲಿನ ಮೇಲೆ ಕುಳಿತಿದ್ದಳು. ಕಳಸದಲ್ಲಿ ಮಾರಲು ಹೊರಟವಳು.

ಎಂಜಿನ್ನಿನ ಸದ್ದು ಕೇಳಿತು. ತಿರುವಿನಲ್ಲಿ ಎರಡು ದೀಪ, ಹಿಂದೊಂದು ಬೂದು ಆಕಾರ. ಮಲ್ಲಿಕಾರ್ಜುನಪ್ಪನವರು ಛತ್ರಿ ಎತ್ತಿ ಬೀಸಿದರು. ಬಸ್ಸು ಹತ್ತಿರ ಬಂದು ನಿಂತಿತು. ಅದು ಎದುರಾಳಿಯ ಬಸ್ಸು.

“ಏನ್ ಧಣಿ, ನಿಮ್ ಬಸ್ಸು ಬೇಜಾರಾಯ್ತಾ?” ಎಂದ ಬಾಗಿಲಲ್ಲಿ ಜೋತುಬಿದ್ದಿದ್ದ ಕ್ಲೀನರ್.

ಮಲ್ಲಿಕಾರ್ಜುನಪ್ಪನವರು ಎತ್ತಿದ ಛತ್ರಿಯನ್ನು ಅಲ್ಲೇ ಬಿಚ್ಚಿ, ಇಲ್ಲದ ಮಳೆಗೆ ಹಿಡಿದುಕೊಂಡರು. ಬಸ್ಸು ಹೋಯಿತು. ಮರಿಯಮ್ಮ ಕೂತಲ್ಲಿಂದ ಅಲುಗಿರಲಿಲ್ಲ. ನೀನ್ಯಾಕೆ ಹತ್ತಲಿಲ್ಲ ಎಂದು ಮಲ್ಲಿಕಾರ್ಜುನಪ್ಪನವರು ಕೇಳಿದರು. ಆ ಬಸ್ಸಿನವರು ಬುಟ್ಟಿ ಹತ್ತಿಸುವುದಿಲ್ಲ, ಮೊದಲೆಲ್ಲ ಗುರುತು ಸಿಕ್ಕದೆ ಅದಕ್ಕೇ ಕೈ ಮಾಡಿ ಬೈಸಿಕೊಳ್ಳುತ್ತಿದ್ದೆ ಎಂದಳು ಅವಳು.

ಮತ್ತೆ ಸದ್ದು. ತಿರುವಿನಲ್ಲಿ ಬಸ್ಸು ಮೂತಿ ಹಾಕಿತ್ತಷ್ಟೆ. ಮರಿಯಮ್ಮ ಎದ್ದು ಸಿಂಬಿ ಸರಿಮಾಡಿ ಬುಟ್ಟಿಗಳನ್ನು ತಲೆಗೇರಿಸಿಕೊಂಡಳು.

“ನಿಂಗೆ ಓದಕ್ಕೆ ಬರ್ತದಾ?” ಮಲ್ಲಿಕಾರ್ಜುನಪ್ಪನವರ ದನಿ ಇಳಿದಿತ್ತು.

“ಓದದು ಎಂತಕೆ ಅಯ್ಯ? ಹೊಟ್ಟೆ ಬಸ್ಸು ಅಲ್ವಾ, ಕಾಣ್ತದಲ್ಲ.”

ಅವರು ಕಣ್ಣು ಕಿರಿದು ಮಾಡಿ ನೋಡಿದರು. ಮಂಜಿನೊಳಗಿಂದ ಮೊದಲು ನಾಲ್ಕು ಹೊಟ್ಟೆಗಳು ಬಂದವು, ಆಮೇಲೆ ಕೆಂಪು ಸೊನ್ನೆ, ಅದರ ಹಿಂದೆ ಬಸ್ಸು. ರಜಬ್ ಅಲಿ ರಸ್ತೆಯನ್ನು ನೋಡಲೇ ಇಲ್ಲ. ಮಾಲೀಕರ ಮುಖವನ್ನೇ ನೋಡುತ್ತಿದ್ದ. ಆ ಮುಖ ಮೆಲ್ಲಗೆ ಸಡಿಲವಾದದ್ದನ್ನು ಕಂಡು, ಮದುಮಗನ ಹಾಗೆ ಎದೆ ಸೆಟೆಸಿದ.

ಬಸ್ಸು ನಿಂತರೂ ಮಲ್ಲಿಕಾರ್ಜುನಪ್ಪನವರು ಹತ್ತಲಿಲ್ಲ. ಮೂಡಿಗೆರೆಯಲ್ಲಿ ಬಟ್ಟೆ ಅಂಗಡಿ ಇಟ್ಟವರು. ಅಳೆಯದೆ ಏನನ್ನೂ ಒಪ್ಪಿ ಅಭ್ಯಾಸವಿಲ್ಲ. ಟಾಪಿನ ಮೇಲಿದ್ದ ಹಗ್ಗ ಇಳಿಸಿ ಮೊದಲು ಅದನ್ನು ಮೊಳ ಹಾಕಿ ಅಳೆದರು.

“ಆ ತುದಿ ಹಿಡೀರಿ ಮಾರಾಯ್ರೆ” ಎಂದರು ರಜಬ್ ಅಲಿಗೆ. “ಹಂಗೇ, ಬಸ್ಸಿನ ಹಿಂದ್ಗಡೆಗೂ ಇದನ್ನೇ ಬರೀಬೇಕು ನೀವು.”

ಪ್ರಯಾಣಿಕರೆಲ್ಲ ಕಿಟಕಿಯಿಂದ ಕತ್ತು ಚಾಚಿ ನೋಡುತ್ತಿದ್ದಂತೆ, ಮಾಲೀಕರೂ ಪೇಂಟರೂ ಮಂಜಿನಲ್ಲಿ ಹಗ್ಗ ಎಳೆದುಕೊಂಡು ತಿರುವಿನ ತನಕ ನಡೆದರು. ಮರಿಯಮ್ಮ ಕುಳಿತು ಬಸ್ಸಿನ ಗುರುತು ಹಿಡಿದಿದ್ದ ಕಲ್ಲಿನಿಂದ ಅಲ್ಲಿಗೆ ನೂರ ಹನ್ನೆರಡು ಗಜ.