ಮೀರಾಸಾಬನ ಚೌಕಟ್ಟು

ರಾಚಪ್ಪನ ಮೊಳಕಾಲು ಮಡಚುತ್ತಿಲ್ಲ ಎಂದು ಹೇಳಲು ಜಂಗಮರ ಸಂಗಯ್ಯ ಹುನಗುಂದದ ಮೀರಾಸಾಬನ ಅಂಗಳಕ್ಕೆ ಬಂದು ನಿಂತಾಗ ಹೊತ್ತು ನೆತ್ತಿಗೇರಿತ್ತು. ರಾಚಪ್ಪ ಸತ್ತದ್ದೇ ಮೀರಾಸಾಬನಿಗೆ ಗೊತ್ತಿರಲಿಲ್ಲ. ಎಪ್ಪತ್ತೆಂಟನೇ ಇಸವಿಯ ಆ ಕೆಟ್ಟ ಚಳಿಯಲ್ಲಿ ಜೋಳ ಕಾಯಲು ಹೊಲಕ್ಕೆ ಹೋದವನು ಗುಡಿಸಲಿನಲ್ಲಿ ಮಲಗಿದ ಹಾಗೆಯೇ ಹೋಗಿಬಿಟ್ಟಿದ್ದ. ಹೆಂಡತಿ ಬುತ್ತಿ ಒಯ್ದು ನೋಡುವಷ್ಟರಲ್ಲಿ ಮೈಯೆಲ್ಲ ಕೊರಡಾಗಿತ್ತು.

ಲಿಂಗವಂತರಲ್ಲಿ ಸತ್ತವರು ಪದ್ಮಾಸನ ಹಾಕಿ ಕೂತೇ ಮಣ್ಣಿಗಿಳಿಯಬೇಕು. ಅದಕ್ಕೇ ಜೀವ ಹೋದ ಕೂಡಲೇ ಕೂಡಿಸಿಬಿಡುತ್ತಾರೆ. ರಾಚಪ್ಪನನ್ನು ಕೂಡಿಸಲು ಆ ಹೊತ್ತಿನಲ್ಲಿ ಹತ್ತಿರ ಯಾರಿದ್ದರು? ಈಗ ನಾಲ್ಕು ಜನ ಗಟ್ಟಿ ಆಳುಗಳು ಕೈಸೋತು ಕೂತಿದ್ದರು. ಇನ್ನು ಉಳಿದದ್ದು ಕೊಡಲಿಯ ಹಿಂಬದಿಯಿಂದ ಮೊಳಕಾಲಿಗೆ ಒಂದೊಂದು ಏಟು. ಆ ಮಾತು ಕಿವಿಗೆ ಬಿದ್ದದ್ದೇ ಗುರುಲಿಂಗವ್ವ ಗಂಡನ ಕಾಲ ಮೇಲೆ ಬಿದ್ದವಳು ಎದ್ದಿರಲಿಲ್ಲ.

ಸಂಗಯ್ಯ ಕೇಳಲು ಬಂದದ್ದು ಮೀರಾಸಾಬನ ಚೌಕಟ್ಟನ್ನು. ತಂಬೂರಿ ಮಾಡುವ ಮೀರಾಸಾಬ ಅದನ್ನು ಯಾವ ಅಂಗಡಿಯಿಂದಲೂ ತಂದವನಲ್ಲ. ಮುರಿದ ಚಕ್ಕಡಿಯ ಹಲಗೆ, ಎರಡು ಗೂಟ, ಹಿಟ್ಟಿನ ಗಿರಣಿಯ ಹಳೇ ಪಟ್ಟಾ, ಹುಣಸೆ ಕಟ್ಟಿಗೆಯ ಬೆಣೆಗಳು, ಇಷ್ಟನ್ನು ಕೂಡಿಸಿ ತಾನೇ ಮಾಡಿಕೊಂಡದ್ದು. ತಂಬೂರಿಯ ಉದ್ದ ಕತ್ತಾದ ದಂಡಿ ಸೊಟ್ಟಗಾದರೆ ಅದಕ್ಕೆ ಬಿಸಿನೀರಿನ ಗೋಣಿ ಸುತ್ತಿ, ಪಟ್ಟಾ ಬಿಗಿದು, ಗಳಿಗೆಗೊಮ್ಮೆ ಬೆಣೆಗೆ ಒಂದೇ ಒಂದು ಏಟು ಹಾಕಿದರೆ ಎಂಥ ಹಟಮಾರಿ ಕಟ್ಟಿಗೆಯೂ ಸೀಳದೆ ದಾರಿಗೆ ಬರುತ್ತಿತ್ತು. ಭಜನೆ ಹಾಡುವ ರಾಚಪ್ಪ ದಿನಾ ಸಂಜೆ ಅದರ ಮುಂದೆ ಕೂತು, ನನ್ನ ಸೊಟ್ಟ ದನಿಯನ್ನೂ ಇದರಲ್ಲಿಟ್ಟು ಬಿಗಿಯೋ ಎಂದು ನಗಿಸುತ್ತಿದ್ದ.

ಆ ಹೊತ್ತು ಚೌಕಟ್ಟಿನಲ್ಲಿ ಶಿರೂರಿನ ಭಜನೆಯವರ ತಂಬೂರಿಯ ದಂಡಿ ಇತ್ತು, ಅಂಟು ಇನ್ನೂ ಹಸಿ. ಐದು ತಂಬೂರಿ ಹೇಳಿದ್ದರು, ಹೇಳಿಸಿದವನು ಇದೇ ಸಂಗಯ್ಯ.

"ಹೆಣ ಕೂಡಿಸಿದ್ದರಾಗ ಮಾಡಿದ ತಂಬೂರಿ ನಾಳೆ ಯಾರ ಮುಟ್ಟತಾರ್ರೀ, ಅಯ್ಯಾರ?" ಎಂದ ಮೀರಾಸಾಬ. ಅಂದ ಮೇಲೆ ತನ್ನ ಬಾಯಿಯ ಬಗ್ಗೆ ತನಗೇ ನಾಚಿಕೆಯಾಯಿತು. ಗೆಳೆಯ ಅಲ್ಲಿ ಕೊಡಲಿಯ ಕೆಳಗೆ ಬಿದ್ದಿದ್ದಾನೆ, ಇವನಿಗೆ ಕಸುಬಿನ ಚಿಂತೆ.

"ನಮ್ಮೊಳಗ ಸೂತಕ ಇಲ್ಲೋ," ಎಂದ ಸಂಗಯ್ಯ. "ಬಸವಣ್ಣ ಅದನ್ನ ಯಾವಾಗೋ ಕಿತ್ತ ಒಗದಾನ."

ಮೀರಾಸಾಬ ಬೆಣೆ ಬಡಿದು ತೆಗೆದ. ಹಸಿ ದಂಡಿಯನ್ನು ಗೋಡೆಗೆ ಆನಿಸಿದ. ಸಂಜೆಯೊಳಗೆ ಅದು ಬಾಗುತ್ತದೆಂದು ಅವನಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಬರೀ ಚೌಕಟ್ಟು ಒಯ್ದು ಏನು ಮಾಡುತ್ತೀರಿ ಎಂದು ತಾನೂ ಹೊರಟ.

ರಾಚಪ್ಪನ ಮನೆಯಲ್ಲಿ ಎಲ್ಲರನ್ನೂ ಹೊರಗೆ ಹಾಕಿ ಬಾಗಿಲು ಮುಂದೆ ಮಾಡಿದ. ಗುರುಲಿಂಗವ್ವ ಒಲೆಯಿಂದ ಬಿಸಿನೀರು ತಂದು ಕೊಡುತ್ತಿದ್ದಳು. ಮೀರಾಸಾಬ ಮೊಳಕಾಲಿಗೆ ಬಟ್ಟೆ ಸುತ್ತಿ, ಪಟ್ಟಾ ಬಿಗಿದು, ಬೆಣೆಗೆ ಒಂದು ಏಟು ಹಾಕಿ ಸುಮ್ಮನೆ ಕೂರುತ್ತಿದ್ದ. ಮತ್ತೆ ಬಿಸಿನೀರು, ಮತ್ತೆ ಒಂದು ಏಟು. ಎರಡು ತಾಸಾಯಿತು. ಏಟು ತಪ್ಪಬಾರದೆಂದು ಅಳುವುದನ್ನೂ ತಡೆದುಕೊಂಡಿದ್ದ. ಮೊದಲು ಎಡಗಾಲು ಬಂತು. ಕೊನೆಗೆ ಬಲಗಾಲೂ ಸಣ್ಣಗೆ ಸದ್ದು ಮಾಡಿ ಮಡಚಿತು.

"ಮುರೀತೇನು, ಅಣ್ಣಾ?" ಎಂದಳು ಗುರುಲಿಂಗವ್ವ, ನೀರಿನ ತಂಬಿಗೆ ಹಿಡಿದುಕೊಂಡೇ.

"ಇಲ್ಲಕ್ಕಾ. ಒಪ್ಪಿಕೊಂಡಾನ."

ರಾಚಪ್ಪ ಹೊತ್ತು ಮುಳುಗುವ ಮೊದಲು ನೆಟ್ಟಗೆ ಕೂತು ಮಣ್ಣಿಗೆ ಹೋದ. ಮರುದಿನ ಚೌಕಟ್ಟು ಇಬ್ಬರ ಹೆಗಲ ಮೇಲೆ ಓಣಿ ಹಿಡಿದು ವಾಪಸ್ಸು ಬಂತು. ಗುರುಲಿಂಗವ್ವ ಅದನ್ನು ತೊಳೆದು, ಉಪಕಾರ ಮಾಡಿದ ವಸ್ತುವೆಂದು ಮೂರು ಬೆರಳಿನ ವಿಭೂತಿ ಬಳಿದು ಕಳಿಸಿದ್ದಳು. ಹಾಗಾಗಿ ಅದು ಎಲ್ಲಿಗೆ ಹೋಗಿ ಬಂತೆಂದು ಹುನಗುಂದದಲ್ಲಿ ಯಾರೂ ಯಾರನ್ನೂ ಕೇಳಬೇಕಾಗಲಿಲ್ಲ.

ತಿಂಗಳು ಕಳೆದು ಸಂಗಯ್ಯ ಮತ್ತೆ ಬಂದ. ಅಷ್ಟರಲ್ಲಿ ಮೀರಾಸಾಬನಿಗೆ ಸುತ್ತಲಿನ ಊರುಗಳಿಂದ ಎರಡು ಸಲ ಕರೆ ಬಂದಿತ್ತು, ಎರಡೂ ತಂಬೂರಿಗಲ್ಲ, ಮಡಚದ ಕಾಲುಗಳಿಗೆ. ಗೋಡೆಗೆ ಆನಿಸಿದ್ದ ದಂಡಿ ಬಾಗಿ ಒಣಗಿ ಅಲ್ಲೇ ನಿಂತಿತ್ತು. ಶಿರೂರಿನವರು ತಂಬೂರಿ ಬ್ಯಾಡ ಅಂದಾರ ಎಂದು ಸಂಗಯ್ಯ ನೆಲ ನೋಡುತ್ತ ಹೇಳಿದ.

"ಸೂತಕ ಇಲ್ಲ ಅಂದಿದ್ರೆಲ್ರೀ, ಅಯ್ಯಾರ?"

"ನಮಗಿಲ್ಲೋ. ತಂಬೂರಿಗೆ ಐತಂತ."

ಮೀರಾಸಾಬನಿಗೆ ಮೈಯೆಲ್ಲ ಉರಿಯಿತು. ಎದ್ದು ಹೋಗಲಿ ಮಹಾರಾಯ ಎಂದು ಕಾದ. ಸಂಗಯ್ಯ ಏಳಲಿಲ್ಲ. ಹೆಂಡತಿ ಸತ್ತ ಮೇಲೆ ಊರಾಚೆಯ ಮಠದ ಕೋಣೆಯಲ್ಲಿ ಒಬ್ಬನೇ ಇರುವ ಮುದುಕ. ಕಟ್ಟೆಯ ಮೇಲೆ ಕೂತು ತನ್ನ ಮೊಳಕಾಲು ತಿಕ್ಕಿಕೊಳ್ಳುತ್ತಿದ್ದ.

"ನಾನೂ ಒಬ್ಬಾವ ಇರಾಂವ, ಮೀರಾಸಾಬ. ಯಾವಾಗ ಹೋಗ್ತೇನೋ, ಮಂದಿ ಯಾವಾಗ ನೋಡತಾರೋ. ನನ್ನ ಕಾಲ ಮುರಿಯಾಕ ಬಿಡಬ್ಯಾಡ."

ಮೀರಾಸಾಬ ಎದ್ದು ಗೂಟಕ್ಕೆ ತೂಗುಹಾಕಿದ್ದ ಅಳತೆ ಪಟ್ಟಿಯನ್ನು ತೆಗೆದ. ಐದು ತಂಬೂರಿಗಳ ಗುರುತುಗಳು ಅದರ ಮೇಲೆ ಇನ್ನೂ ಇದ್ದವು.

"ಕಾಲ ಚಾಚ್ರಿ, ಅಯ್ಯಾರ," ಎಂದ. ಪಟ್ಟಿಯನ್ನು ಸೊಂಟದಿಂದ ಮೊಳಕಾಲಿನವರೆಗೆ ಇಟ್ಟು ನೋಡಿ, ಕಿವಿಯ ಮೇಲಿನ ಪೆನ್ಸಿಲ್ ತೆಗೆದು ಆ ಐದರ ಪಕ್ಕದಲ್ಲಿ ಇನ್ನೊಂದು ಗೆರೆ ಎಳೆದ.