ಸರ್ಕಲ್ಲಿನ ಫ್ಲೆಕ್ಸು, ಮಹಡಿಯ ಕ್ಯಾರಂ ಬೋರ್ಡು

ದಾವಣಗೆರೆಯಲ್ಲಿ ಸೂರ್ಯ ಹುಟ್ಟುವುದಕ್ಕೂ ಸಾಹುಕಾರ್ ಮುರಿಗೆಪ್ಪನವರ ಅಪ್ಪಣೆ ಬೇಕಿತ್ತು ಅಂದರೆ ನಂಬಲೇಬೇಕು...

ಸ್ಟೀಲ್ ಪಾತ್ರೆ ಅಂಗಡಿ ಅವರದು. ಅವರು ಒಮ್ಮೆ ಕೆಮ್ಮಿದರೆ ಸಾಲಾಗಿ ಜೋಡಿಸಿದ ಕೊಡಗಳೆಲ್ಲ ಝಣಝಣ ಅನ್ನುತ್ತಿದ್ದವು. ಮೊದಲು ಮೀಸೆ ಅಂಗಡಿಗೆ ಬರುತ್ತಿತ್ತು... ಎಷ್ಟೋ ಹೊತ್ತಿನ ಮೇಲೆ ಅವರು!

ಇಂಥವರಿಗೆ ಒಬ್ಬನೇ ಮಗ, ಚಿನ್ಮಯ್. ಎರಡನೇ ವರ್ಷದ ಪಿಯುಸಿ.

ಹುಡುಗ ಇನ್ನೂ ನೀಟ್ ಪರೀಕ್ಷೆ ಬರೆದೇ ಇರಲಿಲ್ಲ... ಅಪ್ಪ ಆಗಲೇ ಸರ್ಕಲ್ಲಿನಲ್ಲಿ ಆಕಾಶ ಮುಚ್ಚುವಂಥ ಫ್ಲೆಕ್ಸ್ ಕಟ್ಟಿಸಿಬಿಟ್ಟರು!

ಫೋಟೋದಲ್ಲಿ ಮಗನ ಕೊರಳಿಗೆ ಸ್ಟೆತಸ್ಕೋಪ್. ಕೆಳಗೆ ಮೊಳದುದ್ದದ ಅಕ್ಷರಗಳಲ್ಲಿ, "ಭಾವಿ ಡಾಕ್ಟರ್ ಚಿನ್ಮಯ್ ಅವರಿಗೆ ಹುಟ್ಟುಹಬ್ಬದ ಶುಭಾಶಯಗಳು". ಪಕ್ಕದಲ್ಲಿ ಅಪ್ಪನ ಮೀಸೆ, ಮಗನ ಮುಖಕ್ಕಿಂತ ದೊಡ್ಡದಾಗಿ...

ಅಂಗಡಿಯ ಮಹಡಿಯಲ್ಲಿ ಅವರದೇ ಒಂದು ಕೋಣೆ. ಅದರಲ್ಲಿ ತಿಪ್ಪೇಶ ಎಂಬ ತರುಣ ಓಣಿಯ ಹುಡುಗ ಹುಡುಗಿಯರಿಗಾಗಿ ಯುವ ಕೇಂದ್ರ ನಡೆಸುತ್ತಿದ್ದ. ಕೋಣೆ ಕೊಟ್ಟದ್ದನ್ನು ಸಾಹುಕಾರರು ಅರಮನೆಯನ್ನೇ ದಾನ ಮಾಡಿದವರಂತೆ ಊರಿಗೆಲ್ಲ ಹೇಳಿಕೊಂಡಿದ್ದರು.

ಒಂದು ಶನಿವಾರ ಸಂಜೆ ಮಹಡಿ ಹತ್ತಿ ನೋಡಿದರೆ... ಭಾವಿ ಡಾಕ್ಟರು ಕೈತುಂಬ ಪೌಡರ್ ಮಾಡಿಕೊಂಡು ಕ್ಯಾರಂ ಆಡುತ್ತಿದ್ದಾರೆ!

"ಏನೋ ಇದು? ಕ್ಯಾರಂ ಆಡಿ ಯಾರಾದ್ರೂ ಡಾಕ್ಟರ್ ಆಗ್ಯಾರೇನೋ?"

"ಅಪ್ಪಾಜಿ... ಸ್ವಲ್ಪ ಹೊತ್ತು ಅಷ್ಟೇ..."

"ಸಾವ್ಕಾರ್ರೆ, ಕೂತ್ಕೊಳ್ರಿ. ಒಂದು ಮಾತು..." ಎಂದ ತಿಪ್ಪೇಶ.

"ನಿನ್ ಮಾತು ನೀನೇ ಇಟ್ಕೋ! ಕೂತು ಹರಟೆ ಹೊಡೆಯೋದಕ್ಕೆ ಕೇಂದ್ರ ಅಂತ ಹೆಸರು ಬೇರೆ!"

ಎಲ್ಲರ ಎದುರೇ ಮಗನ ಕಿವಿ ಹಿಂಡಿ ಕೆಳಗಿಳಿಸಿದರು. ಕೋಣೆಗೆ ಬೀಗ ಬಿತ್ತು. ಕ್ಯಾರಂ ಬೋರ್ಡು ಸಾಹುಕಾರರ ಮನೆಯ ಅಟ್ಟ ಸೇರಿತು.

ಅವತ್ತಿನಿಂದ ಹುಡುಗ ಸರಿಯಾಗಿ ಉಣ್ಣಲಿಲ್ಲ... ಮಲಗಲಿಲ್ಲ... ಪುಸ್ತಕ ಹಿಡಿದರೆ ಗಂಟೆಗಟ್ಟಲೆ ಅದೇ ಪುಟ.

"ಓದಿನ ಕಾವು" ಎಂದು ಅಪ್ಪ ಮೀಸೆ ತಿರುವಿದರು.

ಕೆಲವೇ ದಿನಗಳಲ್ಲಿ ಕಾಲೇಜಿಗೆ ಹೊರಟ ಚಿನ್ಮಯ್ ಕುಸಿದು ಬಿದ್ದ... ಎಲ್ಲಿ ಗೊತ್ತೇ? ಸರ್ಕಲ್ಲಿನಲ್ಲಿ. ಅದೇ ಫ್ಲೆಕ್ಸಿನ ಕೆಳಗೆ!

ಸುದ್ದಿ ಕೇಳಿ ಸಾಹುಕಾರರು ಓಡಿದ ಓಟಕ್ಕೆ ದಾವಣಗೆರೆಯ ಆಟೋಗಳೆಲ್ಲ ಹಿಂದೆ ಬಿದ್ದವು. ಆಸ್ಪತ್ರೆಯಲ್ಲಿ ಮಗನ ಪಕ್ಕದಲ್ಲಿ ಕೂತಿದ್ದವನು ತಿಪ್ಪೇಶ. ಎತ್ತಿಕೊಂಡು ಬಂದವನೂ ಅವನೇ.

ಡಾಕ್ಟರು ಎಲ್ಲ ಪರೀಕ್ಷೆ ಮಾಡಿ ಹೇಳಿದರು, "ದೇಹಕ್ಕೇನೂ ಆಗಿಲ್ಲ. ವಿಪರೀತ ಭಯಕ್ಕೆ ಹೀಗಾಗಿದೆ. ಮನಸ್ಸಿನ ಡಾಕ್ಟರಿಗೆ ತೋರಿಸಿ..."

ಸಾಹುಕಾರರು ತಿಪ್ಪೇಶನನ್ನು ಹೊರಗೆ ಎಳೆದರು. "ನನ್ ಮಗನ ತಲೆಗೆ ಏನ್ ತುಂಬಿದ್ಯೋ?"

"ನಾ ಏನೂ ತುಂಬಿಲ್ರಿ. ಇದ್ದದ್ದನ್ನ ಖಾಲಿ ಮಾಡಿಸ್ತಿದ್ದೆ."

"ಏನಿತ್ತು? ಹೇಳು!"

"ಅದನ್ನ ಅವನೇ ಹೇಳ್ಬೇಕ್ರಿ. 'ಅಪ್ಪಾಜಿ ಎದುರು ಮಾತಾಡ್ತೀನಿ, ಜೊತೆಗೆ ಬಾರಣ್ಣ' ಅಂತ ಒಪ್ಪಿದ್ದ. ಸೋಮವಾರ ಬರೋರಿದ್ವಿ..."

ತಿಪ್ಪೇಶ ತಲೆ ತಗ್ಗಿಸಿದ. "ಶನಿವಾರ ನೀವು ಬೀಗ ಹಾಕಿದ್ರಿ."

ಕೊಡಗಳನ್ನೇ ನಡುಗಿಸುತ್ತಿದ್ದ ಗಂಟಲು ಪಿಸುಮಾತಿಗೆ ಇಳಿಯಿತು...

"ಈಗ ನಾ ಏನ್ ಮಾಡ್ಲಿ ತಿಪ್ಪೇಶಾ?"

"ಡಾಕ್ಟರ್ ಹೇಳಿದಲ್ಲಿಗೆ ಕರ್ಕೊಂಡು ಹೋಗ್ರಿ, ನಾನೂ ಬರ್ತೀನಿ. ಮನೇಲಿ ಅಟ್ಟದ ಮೇಲಿನ ಬೋರ್ಡ್ ಇಳಿಸ್ರಿ. ಸುಮ್ನೆ ಆಡ್ರಿ. ಅವನ ಮುಖ ನೋಡ್ಬ್ಯಾಡ್ರಿ, ಏನೂ ಕೇಳ್ಬ್ಯಾಡ್ರಿ. ಕಣ್ಣಲ್ಲಿ ಕಣ್ಣಿಟ್ಟು ಹೇಳೋಕಾಗದ್ದನ್ನ ಈ ಹುಡುಗ್ರು ಬೋರ್ಡ್ ನೋಡ್ಕೊಂಡು ಹೇಳ್ತಾರೆ."

ಮನಸ್ಸಿನ ಡಾಕ್ಟರಿಗೆ ತೋರಿಸಿ ಮನೆಗೆ ಬಂದ ಮೇಲೆ ಅಪ್ಪ ಮಗ ಎದುರು ಬದುರು ಕೂತರು.

ಸಾಹುಕಾರರ ಮೊದಲ ಹೊಡೆತಕ್ಕೆ ಸ್ಟ್ರೈಕರ್ ಹಾರಿ ಅಡುಗೆಮನೆಯ ಸಾರಿನ ಪಾತ್ರೆಗೇ ಬಿತ್ತು!

ಚಿನ್ಮಯ್ ಪಕ್ಕನೆ ನಕ್ಕ. ಮನೆಯಲ್ಲಿ ಆ ನಗು ಕೇಳಿ ಯುಗವೇ ಆಗಿತ್ತು...

ಟಕ್... ಟಕ್...

ಅಪ್ಪ ತಲೆ ಎತ್ತಲಿಲ್ಲ. ಏನೂ ಕೇಳಲಿಲ್ಲ. ಆ ಮೀಸೆ ಅಷ್ಟು ಹೊತ್ತು ಸುಮ್ಮನಿದ್ದದ್ದು ಊರಿನ ಇತಿಹಾಸದಲ್ಲೇ ಮೊದಲು!

ಒಂದು ಬಿಳಿ ಕಾಯಿನಿಗೆ ಗುರಿ ಇಡುತ್ತಾ ಮಗ ಮೆಲ್ಲನೆ ಹೇಳಿದ...

"ಅಪ್ಪಾಜಿ... ದಿನಾ ಆ ಫ್ಲೆಕ್ಸ್ ಕೆಳಗೇ ಹೋಗ್ಬೇಕು. ಗೆಳೆಯರೆಲ್ಲ 'ಡಾಕ್ಟ್ರೇ, ಜ್ವರಕ್ಕೆ ಮಾತ್ರೆ ಕೊಡ್ರಿ' ಅಂತ ಆಡ್ಕೊಂತಾರೆ. ಅಲ್ಲಿರೋ ಹುಡುಗನ್ನ ನೋಡಿದ್ರೆ ನಂಗೆ ಉಸಿರು ಕಟ್ಟುತ್ತೆ. ಅವನಂಗೆ ಆಗ್ಲಿಲ್ಲ ಅಂದ್ರೆ ನೀವು ಊರಲ್ಲಿ ಹೆಂಗೆ ತಲೆ ಎತ್ತುತೀರಿ ಅಂತ..."

ಟಕ್. ಕಾಯಿನ್ ಪಾಕೆಟ್ಟಿನ ಅಂಚಿಗೆ ಬಂದು ನಿಂತಿತು.

"ಮಹಡಿ ಮೇಲೆ ಕೂತಾಗ ಮಾತ್ರ ಉಸಿರಾಡ್ತಿದ್ದೆ ಅಪ್ಪಾಜಿ."

ಈಗ ಅಪ್ಪನ ಸರದಿ... ಕೈ ಮುಂದೆ ಹೋಗಲಿಲ್ಲ. ಬೋರ್ಡಿನ ಪೌಡರಿನ ಮೇಲೆ ಒಂದು ಹನಿ ಬಿತ್ತು. ಮತ್ತೊಂದು...

ಮಗ ಉಸಿರಾಡುತ್ತಿದ್ದ ಒಂದೇ ಕಿಟಕಿಯನ್ನು ತಾನೇ ಕೈಯಾರೆ ಮುಚ್ಚಿದ್ದು ಆ ಅಪ್ಪನ ಎದೆಯಲ್ಲಿ ಮುಳ್ಳಿನಂತೆ ಮುರಿಯಿತು.

ಬೆಳಿಗ್ಗೆ ಸಾಹುಕಾರರೇ ಏಣಿ ಹತ್ತಿ ಫ್ಲೆಕ್ಸ್ ಬಿಚ್ಚಿದರು. ಅರ್ಧ ದಾವಣಗೆರೆ ನಿಂತು ನೋಡಿತು. ಅವರು ನಾಚಲಿಲ್ಲ...

ಅಂದೇ ಸಂಜೆ ಸಾಹುಕಾರರು ಮಹಡಿಯ ಬೀಗ ತೆಗೆಸಿದರು. ಅದೇ ಫ್ಲೆಕ್ಸ್ ಮಗುಚಿ ನೆಲಕ್ಕೆ ಹಾಸಿತ್ತು, ಬಿಳಿ ಬೆನ್ನು ಮೇಲಾಗಿ. ಅದರ ಮೇಲೆ ಕ್ಯಾರಂ ಬೋರ್ಡು, ಸುತ್ತ ಓಣಿಯ ಮಕ್ಕಳು.

ಕೀಲಿಯನ್ನು ತಿಪ್ಪೇಶನಿಗೇ ಕೊಟ್ಟುಬಿಡಲು ಬಂದ ಸಾಹುಕಾರರು ಬಾಗಿಲಲ್ಲೇ ನಿಂತರು. ಒಳಗೆ ಬರಲು ಮುಖವಿರಲಿಲ್ಲ.

"ಬರ್ರಿ ಸಾವ್ಕಾರ್ರೆ. ಒಂದು ಕೈ ಕಮ್ಮಿ ಐತಿ" ಎಂದು ತಿಪ್ಪೇಶ ಜಾಗ ಬಿಟ್ಟ.

ಮುರಿಗೆಪ್ಪನವರು ಕೂತರು. ಮಗನ ಮುಖ ನೋಡಲಿಲ್ಲ. ಸ್ಟ್ರೈಕರ್ ಹಿಡಿದು, ನಡುವಿನ ಕೆಂಪು ಕಾಯಿನನ್ನೇ ನೋಡುತ್ತಾ ಹೇಳಿದರು...

"ತಪ್ಪು ಮಾಡ್ದೆ ಕಣೋ ಚಿನ್ನೂ."

ಮಗನೂ ತಲೆ ಎತ್ತಲಿಲ್ಲ. ಸುಮ್ಮನೆ ಪೌಡರ್ ಡಬ್ಬಿಯನ್ನು ಅಪ್ಪನ ಕಡೆ ಸರಿಸಿದ...

*ಮಕ್ಕಳ ಬಗ್ಗೆ ಊರಿಗೆಲ್ಲ ಹೇಳುವ ಮೊದಲು, ಮಕ್ಕಳು ಹೇಳುವುದನ್ನು ಕೇಳಲು ಒಂದು ಜಾಗ ಇರಲಿ.*

ನಿಮ್ಮ ಮನೆಯ ಮಗು ಮನಸ್ಸು ಬಿಚ್ಚಿ ಉಸಿರಾಡುವ ಕೋಣೆ ಎಲ್ಲಿದೆ... ಅದರ ಬೀಗದ ಕೀಲಿ ನಿಮ್ಮ ಜೇಬಿನಲ್ಲೇ ಇಲ್ಲ ತಾನೇ?